ಬೆಳಕಿನ ಕಾಲು ನಿಂತ ಜಾಗ

ದೇವರು ಎಲ್ಲ ಊರುಗಳಿಗೂ ಬೆಳಕು ಹಂಚುತ್ತ ಬಂದು ನಮ್ಮೂರಿನ ಸರದಿಗೆ ಮುಟ್ಟಿದಾಗ ಅವನಿಗೆ ಆಕಳಿಕೆ ಬಂದಿರಬೇಕು. ಹಗಲಿನ ಬೆಳಕನ್ನೇನೋ ಸರಿಯಾಗಿಯೇ ಕೊಟ್ಟ. ಸೂರ್ಯ ನಮ್ಮಲ್ಲಿಯೂ ಬೇರೆ ಕಡೆಯ ಹಾಗೆಯೇ ಮೂಡುತ್ತಾನೆ, ಮುಳುಗುತ್ತಾನೆ. ದೀಪದ ಬೆಳಕಿನ ವಿಷಯದಲ್ಲಿ ಮಾತ್ರ ಕೈ ಸಡಿಲ ಬಿಟ್ಟುಬಿಟ್ಟ. ನಮ್ಮೂರಿನಲ್ಲಿ ದೀಪ ಹಚ್ಚಿದರೆ ಬೆಳಕು ನಡೆದುಕೊಂಡು ಬರುತ್ತದೆ. ಮೇಯ್ದು ಮನೆಗೆ ಮರಳುವ ಗಬ್ಬದ ಎಮ್ಮೆಯ ನಡಿಗೆ ಅದರದು. ಅವಸರ ಮಾಡುವುದಿಲ್ಲ, ನಡುವೆ ನಿಲ್ಲುವುದೂ ಇಲ್ಲ.

ನಮಗೆ ಇದರಿಂದ ತೊಂದರೆಯೇನಿಲ್ಲ. ಪಡಸಾಲೆಯಲ್ಲಿ ದೀಪ ಹಚ್ಚಿ, ಹಿತ್ತಲಿಗೆ ಹೋಗಿ ಕೈಕಾಲು ತೊಳೆದು ಬಂದರೆ ಅಡುಗೆಮನೆಗೆ ಬೆಳಕು ಮುಟ್ಟಿರುತ್ತದೆ. ಜಾಣ ಹೆಂಗಸರು ಮೊದಲು ದೀಪ ಆರಿಸಿ, ಆಮೇಲೆ ಎದ್ದು ಕೋಣೆಗೆ ಹೋಗಿ, ಹಿಂದೆಯೇ ಬರುವ ಬೆಳಕಿನ ಬಾಲದಲ್ಲಿ ಹಾಸಿಗೆ ಹಾಸಿಕೊಳ್ಳುತ್ತಾರೆ. ಅವಸರದ ಗಂಡಸರು ಬೆಳಕಿಗಿಂತ ಮುಂದೆ ಹೋಗಿ ಒರಳಿಗೆ ಎಡವುತ್ತಾರೆ. ಕರೆಂಟು ಬಂದಾಗ ಇನ್ನು ಮುಗಿಯಿತು ನಮ್ಮ ಬೆಳಕಿನ ಆಟ ಅಂದುಕೊಂಡೆವು. ಬಲ್ಬಿನ ಬೆಳಕೂ ವಾರದೊಳಗೆ ಊರಿನ ಚಾಳಿ ಕಲಿತುಕೊಂಡಿತು. ಒಮ್ಮೆ ಜನಗಣತಿಗೆ ಬಂದ ಸಾಹೇಬರೊಬ್ಬರು ಸಂಜೆ ಬ್ಯಾಟರಿ ಒತ್ತಿ, ಬೆಳಕು ಕಾಣಲಿಲ್ಲವೆಂದು ಅದನ್ನು ತೊಡೆಗೆ ಬಡಿದು, ಬೈದು, ಆರಿಸಿ ಚೀಲಕ್ಕೆ ಹಾಕಿಕೊಂಡರು. ಅಷ್ಟರಲ್ಲಿ ಹೊರಬಿದ್ದಿದ್ದ ಬೆಳಕಿನದೊಂದು ತುಂಡು ತನ್ನ ಪಾಡಿಗೆ ತಾನು ಓಣಿಯಲ್ಲಿ ನಡೆದುಹೋಯಿತು. ಸಾಹೇಬರು ಚಪ್ಪಲಿ ಬಿಟ್ಟು ಅದರ ಹಿಂದೆ ಓಡಿದರು. ಅದು ಮಠದ ಗೋಡೆಗೆ ತಾಗಿ ಮುಗಿದುಹೋಯಿತು.

ಊರಿಗೆ ಗಡಿಕಲ್ಲು ಅಂತ ನಾವು ನೆಟ್ಟಿಲ್ಲ. ಕಾರ್ತೀಕದ ಕೊನೆಯ ಸೋಮವಾರ ಹೊತ್ತು ಮುಳುಗುತ್ತಲೇ ಈಶ್ವರನ ಗುಡಿಯ ಮುಂದಿನ ದೀಪದ ಕಂಬದಲ್ಲಿ ದೀಪ ಹಚ್ಚುತ್ತೇವೆ. ಹಚ್ಚಿದ ಕೂಡಲೇ ಶಿವನ ಮದುವೆಯ ಹಾಡು ಶುರುವಾಗುತ್ತದೆ. ದೊಡ್ಡ ಓಣಿ ಗುಡಿಯಿಂದ ನೆಟ್ಟಗೆ ಹೊರಟು ಬಯಲಿಗೆ ಹೋಗಿ ಸೇರುತ್ತದೆ. ಹಾಡು ಗುಡಿಯ ಮುಂದೆ ನಡೆದಿರುವಷ್ಟು ಹೊತ್ತು ಬೆಳಕು ಆ ಓಣಿಯಲ್ಲಿ ನಡೆದಿರುತ್ತದೆ. ಮಂಗಳ ಹಾಡಿದಾಗ ಬೆಳಕಿನ ಕಾಲು ಎಲ್ಲಿ ಮುಟ್ಟಿರುತ್ತದೋ ಅಲ್ಲಿಯ ತನಕ ಊರು. ಅದರ ಒಳಗಿದ್ದವರಿಗೆ ಗುಡಿಯ ಬಾವಿಯ ನೀರು, ಪಂಕ್ತಿಯಲ್ಲಿ ಎಲೆ, ಸತ್ತರೆ ನಾಲ್ಕು ಹೆಗಲು. ಅದರ ಆಚೆಗಿದ್ದವರು ನೆಂಟರು. ನೆಂಟರನ್ನು ಕೂರಿಸಿ ಮಾತಾಡಿಸುತ್ತೇವೆ, ಬಾವಿಗೆ ಕೊಡ ಇಳಿಬಿಡಲು ಬಿಡುವುದಿಲ್ಲ.

ಹಾಡುವ ಸೇವೆ ನಮ್ಮ ಮನೆತನದ್ದು. ಅತ್ತೆಯಿಂದ ಸೊಸೆಗೆ ಬರುತ್ತದೆ. ನನ್ನ ಅತ್ತೆ ನನಗೆ ಹಾಡು ಕಲಿಸುವಾಗ ಕೈಯಲ್ಲಿ ವಿಭೂತಿ ಇಟ್ಟು, ಬಾಳವ್ವಾ, ಇದಕ್ಕೆ ನೀನು ಒಂದು ಮಾತು ಕೂಡಿಸಬಾರದು, ಒಂದು ಮಾತು ಕಳೆಯಬಾರದು ಎಂದು ಆಣೆ ಮಾಡಿಸಿಕೊಂಡಿದ್ದಳು. ಕೂಡಿಸಿಲ್ಲ, ಕಳೆದಿಲ್ಲ. ಶಿವನಿಗೆ ನನ್ನ ಹಾಡು ಇಷ್ಟವೋ ಇಲ್ಲವೋ ಗೊತ್ತಿಲ್ಲ. ಎದ್ದು ಹೋಗಿಲ್ಲ, ಅಷ್ಟೇ.

ದೊಡ್ಡ ಓಣಿಯ ಕೊನೆಯ ಮನೆ ಫಕೀರವ್ವನದು. ಬಾಗಿಲಲ್ಲೇ ಒಲೆ ಹೂಡಿ ಮೆಣಸಿನಕಾಯಿ ಭಜಿ ಕರಿಯುತ್ತಾಳೆ. ನಾಲಿಗೆ ಆ ಮೆಣಸಿನಕಾಯಿಗಿಂತ ಒಂದು ಕೈ ಮೇಲು. ಅವಳು ಮದುವೆಯಾಗಿ ಬಂದ ಕಾಲಕ್ಕೆ ಬೆಳಕು ಅವಳ ಮನೆ ದಾಟಿ, ಹಿಂದಿನ ಹುಣಸೆಮರ ದಾಟಿ ಹೋಗಿ ನಿಲ್ಲುತ್ತಿತ್ತು. ಆಮೇಲೆ ಮರದ ಬುಡಕ್ಕೆ ನಿಂತಿತು. ಆಮೇಲೆ ಹಿತ್ತಲಿಗೆ. ಹೋದ ವರ್ಷ ಬೆಳಕು ಅವಳ ಹೊಸ್ತಿಲಿಗೆ ಬರುವುದಕ್ಕೂ ನಾನು ಮಂಗಳ ಹಾಡುವುದಕ್ಕೂ ಸರಿಹೋಯಿತು. ಫಕೀರವ್ವ ಹೊಸ್ತಿಲ ಮೇಲೆ ನಿಂತಿದ್ದಳು: ಒಂದು ಕಾಲು ಬೆಳಕಿನಲ್ಲಿ, ಒಂದು ಕಾಲು ಕತ್ತಲಲ್ಲಿ. ಗೌಡರು ಬಹಳ ಹೊತ್ತು ವಿಚಾರ ಮಾಡಿ, ಬೆಳಕಿನೊಳಗಿನ ಕಾಲಿನ ಲೆಕ್ಕದಲ್ಲಿ ನೀರು ಕೊಡಬಹುದು ಅಂದರು. ವರ್ಷವಿಡೀ ಊರವರು ಅವಳನ್ನು ಅರ್ಧ ಫಕೀರವ್ವ ಎಂದು ಕರೆದರು. ಹಾಗಾದರೆ ಭಜಿಗೂ ಅರ್ಧ ದುಡ್ಡು ಅಂದವರಿಗೆ ಅವಳು ಭಜಿ ಎತ್ತುವ ಕಾದ ಝಾರಾ ತೋರಿಸಿದಳು.

ಈ ವರ್ಷ ಬೆಳಕು ಅವಳ ಮನೆಯ ತನಕವೂ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಗುಡಿಯ ಬಾವಿ ಬಿಟ್ಟರೆ ನೀರಿರುವುದು ಎರೆಹೊಲಗಳ ಆಚೆಗಿನ ಹಳ್ಳದಲ್ಲಿ. ಆ ವಯಸ್ಸಿನಲ್ಲಿ ತಲೆಯ ಮೇಲೆ ಕೊಡ ಹೊತ್ತು ಆ ಜಿಗುಟು ಮಣ್ಣು ತುಳಿಯುವುದು ಒಂದು ಕಷ್ಟ. ಸೊಸೆಯಾಗಿ ಬಂದ ಊರಿನಲ್ಲಿ ಮುದುಕಿಯಾದ ಮೇಲೆ ನೆಂಟಳಾಗುವುದು ಅದಕ್ಕಿಂತ ದೊಡ್ಡ ಕಷ್ಟ. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಭಜಿಗೆ ಉಪ್ಪು ಜಾಸ್ತಿ ಬೀಳತೊಡಗಿತು.

ಬೆಳಕಿಗೆ ಏನಾಗಿದೆ ಎಂದು ತೀರ್ಮಾನಿಸಲು ಗುಡಿಯ ಕಟ್ಟೆಯ ಮೇಲೆ ಸಭೆ ಸೇರಿತು. ಗುಡಿಯ ಪೂಜೆ ಮಾಡುವ ರೇವಯ್ಯನವರ ಅಭಿಪ್ರಾಯ ಸರಳವಾಗಿತ್ತು: ಬೆಳಕಿಗೆ ಮುಪ್ಪು ಬಂದಿದೆ. ಹಿಂದಿನ ಮಂದಿ ಎಷ್ಟು ಎತ್ತರ ಇದ್ದರು, ಹಿಂದಿನ ಜೋಳ ಎಷ್ಟು ರುಚಿ ಇತ್ತು. ಎಲ್ಲವೂ ಸವೆದುಹೋಗಿರುವಾಗ ಬೆಳಕೊಂದು ಹಾಗೇ ಹರೆಯದ ಹೋರಿಯ ಹಾಗೆ ನಡೆಯಬೇಕು ಅಂದರೆ ಹೇಗೆ? ಅದಕ್ಕೂ ಮೊಣಕಾಲು ಇರುತ್ತವೆ ಅಂದರು.

ಸಾಲಿಯ ನೌಕರಿ ಮುಗಿಸಿ ಮನೆಯಲ್ಲಿ ಕೂತಿದ್ದ ಗದಿಗೆಪ್ಪ ಮಾಸ್ತರರು ಇದನ್ನು ಒಪ್ಪಲಿಲ್ಲ. "ಜಗತ್ತಿನ್ಯಾಗ ಎಲ್ಲಾ ಬದಲಾಗತೈತಿ, ಬೆಳಕಿನ ಓಟ ಒಂದ ಬದಲಾಗೂದಿಲ್ಲ. ಪುಸ್ತಕದಾಗ ಐತಿ" ಅಂದರು.

ಪುಸ್ತಕದಾಗ ಎಮ್ಮಿ ಹಂಗ ನಡೀತೈತಿ ಅಂತ ಐತೇನ್ರಿ ಎಂದು ಹಿಂದಿನಿಂದ ಯಾರೋ ಕೇಳಿದರು. ಎಷ್ಟು ಓಟ ಅನ್ನುವುದು ಊರಿಗೊಂದು ಇರಬಹುದು, ಬದಲಾಗುವುದಿಲ್ಲ ಅನ್ನುವುದು ಎಲ್ಲ ಊರಿಗೂ ಒಂದೇ ಎಂದು ಮಾಸ್ತರರು ಸಮಾಧಾನ ಹೇಳಿದರು. ಹಾಗಾದರೆ ಕೆಟ್ಟಿರುವುದು ಯಾವುದು ಎಂದು ಗೌಡರು ಕೇಳಿದ್ದಕ್ಕೆ ಅವರು ನನ್ನ ಕಡೆ ನೋಡಿದರು. ಬೆಳಕು ಅಷ್ಟೇ ನಡೆದಿದೆ, ಹಾಡು ಬೇಗ ಮುಗಿಯುತ್ತಿದೆ, ಬಾಳವ್ವ ಗಡಬಡಿಸಿ ಹಾಡುತ್ತಾಳೆ ಅಂದರು. ಶಿವನ ಮದುವೆಯಲ್ಲಿ ಗಡಬಡಿಸಲು ನನಗೇನು ಬಸ್ಸು ಹಿಡಿಯುವುದಿತ್ತೇ? ನಾನು ಸೆರಗು ಬಿಗಿದುಕೊಂಡು ಎದ್ದು, ಪರೀಕ್ಷೆ ಮಾಡಿ ನೋಡಿರಿ ಅಂದೆ.

ಪರೀಕ್ಷೆಗಳು ಶುರುವಾದವು. ರೇವಯ್ಯನವರು ಮುದುಕರಿಗೆ ಕೊಡುವ ಹಾಗೆ ಬೆಳಕಿಗೂ ಶಕ್ತಿ ಬರಲಿ ಎಂದು ಕುಸುಬಿ ಎಣ್ಣೆ ಬಿಟ್ಟು ತುಪ್ಪದ ದೀಪ ಹಚ್ಚಿದರು. ಬೆಳಕು ಮೈಕೈ ತುಂಬಿಕೊಂಡು ಕೆಂಪಗೆ ಬಂತು, ಬೇಗ ಬರಲಿಲ್ಲ. ಊಟ ಮಾಡಿದ ಮದುಮಗನ ಹಾಗೆ ಅದೇ ನಡಿಗೆಯಲ್ಲಿ ಹೋಯಿತು. ತುಪ್ಪ ಕೊಟ್ಟ ಮನೆಯವರು ಮುಖ ಸಣ್ಣ ಮಾಡಿಕೊಂಡರು.

ಮುಂದಿನ ಸರದಿ ನನ್ನದು. ಹಾಡು ಹಿಡಿದಾಗ ಒಲೆಯ ಮೇಲೆ ಜೋಳದ ನುಚ್ಚು ಇಟ್ಟರೆ ಮಂಗಳಕ್ಕೆ ಸರಿಯಾಗಿ ಬೇಯುತ್ತಿತ್ತು ಎಂದು ನನ್ನ ಅತ್ತೆ ಹೇಳುತ್ತಿದ್ದಳು. ಅದೇ ಅಳತೆ ಹಿಡಿಯೋಣ ಎಂದು ಕಟ್ಟೆಯ ಮೇಲೆ ಒಲೆ ಹೂಡಿಸಿ ಎಲ್ಲರ ಎದುರಿಗೆ ಹಾಡಿದೆ. ಮಂಗಳವಾದ ಮೇಲೆ ಮುಚ್ಚಳ ತೆಗೆದರೆ ನುಚ್ಚು ತಳ ಹೊತ್ತಿತ್ತು, ಮೇಲೆ ಹಸಿ ಇತ್ತು. ತಳ ನೋಡಿದವರು ಹಾಡು ಉದ್ದವಾಗಿದೆ ಅಂದರು, ಮೇಲೆ ನೋಡಿದವರು ಗಿಡ್ಡವಾಗಿದೆ ಅಂದರು. ಆಗ ಹತ್ತಿಕಟ್ಟಿಗೆಯ ಉರಿ ಇತ್ತು, ಈಗ ಜಾಲಿಯದು ಎಂದು ಒಬ್ಬರು. ಆಗಿನ ಜೋಳವೇ ಬೇರೆ ಎಂದು ಇನ್ನೊಬ್ಬರು. ನಾಯಿ ಮಾತ್ರ ಏನೂ ಅನ್ನದೆ ಪಾತ್ರೆ ಖಾಲಿ ಮಾಡಿತು.

ಕಡೆಗೆ ಮಾಸ್ತರರು ತಾವೇ ಅಳತೆಯಾಗಿ ನಿಂತರು. ಹರೆಯದಲ್ಲಿ ಅವರು ದೀಪ ಹಚ್ಚಿದ ಕೂಡಲೇ ಬೆಳಕಿನ ಜೊತೆಗೇ ಹೊರಟು, ಗೌಡರ ವಾಡೆಯ ತನಕ ಅದರ ಹೆಗಲಿಗೆ ಹೆಗಲು ಕೊಟ್ಟು ನಡೆಯುತ್ತಿದ್ದರಂತೆ. ಈಗಲೂ ಧೋತರ ಮೇಲೆ ಕಟ್ಟಿ ಹೊರಟರು. ಹಿಟ್ಟಿನ ಗಿರಣಿಯ ಹತ್ತಿರ ಬರುವಷ್ಟರಲ್ಲಿ ಬೆಳಕು ಅವರನ್ನು ಹಿಂದೆ ಬಿಟ್ಟು ಹೋಯಿತು. ಆ ಅಳತೆಯಲ್ಲಿ ನೋಡಿದರೆ ಬೆಳಕಿನ ಓಟ ಕಡಿಮೆಯಾಗಿರಲಿಲ್ಲ, ಹೆಚ್ಚಾಗಿತ್ತು. ಬದಲಾಯಿತಲ್ಲ ಮತ್ತೆ ಎಂದು ರೇವಯ್ಯನವರು ಚಪ್ಪಾಳೆ ತಟ್ಟಿದರು. ಮಾಸ್ತರರು ಗಿರಣಿಯ ಕಟ್ಟೆಯ ಮೇಲೆ ಕೂತು ಮೊಣಕಾಲು ಒತ್ತಿಕೊಳ್ಳುತ್ತಿದ್ದರು. ಅಳೆಯುವ ಕೋಲಿಗೇ ಮುಪ್ಪು ಬಂದರೆ ಬಟ್ಟೆ ಉದ್ದವಾಯಿತೋ ಗಿಡ್ಡವಾಯಿತೋ ಶಿವನೇ ಬಲ್ಲ. ಶಿವನನ್ನು ಕೇಳೋಣವೆಂದರೆ ಅವನು ಬಟ್ಟೆಯನ್ನೇ ಉಡುವವನಲ್ಲ.

ಸೋಮವಾರ ಹತ್ತಿರ ಬಂತು. ಒಂದು ಮಧ್ಯಾಹ್ನ ಫಕೀರವ್ವ ತಟ್ಟೆಯಲ್ಲಿ ಭಜಿ ಮುಚ್ಚಿಕೊಂಡು ನಮ್ಮ ಮನೆಗೆ ಬಂದಳು. ಬಿಟ್ಟಿ ಭಜಿ ಕೊಟ್ಟವಳಲ್ಲ ಅವಳು. ನನಗೆ ತಟ್ಟೆ ನೋಡಿಯೇ ಹೆದರಿಕೆಯಾಯಿತು. ಹಾಡನ್ನು ಸ್ವಲ್ಪ ಎಳೆದು ಹಾಡಲು ಆಗುತ್ತದೆಯೇ ಎಂದು ಕೇಳಿದಳು. ಆಗುವುದಿಲ್ಲ ಅಂದೆ. ರೊಟ್ಟಿ ಬಡಿಯುವ ಕೈಯ ಹಾಗೆ ಆ ಹಾಡಿಗೂ ಒಂದು ಓಟ ಇದೆ. ಕೈ ತಡೆದರೆ ರೊಟ್ಟಿ ಹರಿಯುತ್ತದೆ. ಅವಳು ವಾದ ಮಾಡಲಿಲ್ಲ. ಹಾಗಾದರೆ ಪೂರ್ತಿ ಹಾಡಿ ಕೇಳಿಸು, ಪ್ರತಿ ವರ್ಷ ನನ್ನ ಬಾಗಿಲಲ್ಲಿ ಬೆಳಕು ಕಾಯುತ್ತ ನಿಂತಿರುತ್ತೇನೆ, ಹಾಡು ಒಮ್ಮೆಯೂ ಕಿವಿಗೆ ಬಿದ್ದಿಲ್ಲ ಅಂದಳು. ಅದು ನಿಜವೇ. ಓಣಿಯ ಅಂಚಿನ ಮನೆಯವರು ಆ ಹೊತ್ತು ತಮ್ಮ ಬಾಗಿಲು ಬಿಟ್ಟು ಅಲ್ಲಾಡುವುದಿಲ್ಲ. ನಾನು ಹಾಡಿದೆ. ಶಿವನ ದಿಬ್ಬಣ ಬಂತು, ಪರ್ವತರಾಜನ ಮನೆಯ ಬಾಗಿಲಿಗೆ ನಿಂತಿತು, ಹೆಣ್ಣಿನ ತಾಯಿ ಹೊರಗೆ ಬಂದಳು.

ಅತ್ತಿ ಬಾಗಿಲಿಗೆ ಬಂದಾಳ, ಆರತಿ ತಟ್ಟಿ ತಂದಾಳ, ಕೊರಳಾಗಿನ ಹಾವ ನೋಡ್ಯಾಳ. ನಗುತ ಕಾಲ ತೊಳದಾಳ.

"ತಡಿ" ಅಂದಳು ಫಕೀರವ್ವ. "ಇನ್ನೊಮ್ಮಿ ಹೇಳು."

ಹೇಳಿದೆ.

"ಹಾವ ನೋಡಿದ್ಲು, ಬೂದಿ ನೋಡಿದ್ಲು, ಮೈಮ್ಯಾಲ ಅಂಗಿ ಇಲ್ಲದ್ದನ್ನ ನೋಡಿದ್ಲು. ನೋಡಿ, ನಗುತ ಕಾಲ ತೊಳದ್ಲಾ? ಬಾಳಕ್ಕಾ, ನೀನೂ ಮಗಳನ್ನ ಕೊಟ್ಟಿ. ಯಾವ ಅತ್ತಿ ಹಂಗ ಸುಮ್ಮಕಿರತಾಳ? ನಡುವ ಏನೋ ಆಗೈತಿ ಅಲ್ಲೆ."

ಇಷ್ಟು ವರ್ಷ ಹಾಡಿದ್ದೇನೆ, ಆ ತಾಯಿ ಯಾಕೆ ನಕ್ಕಳು ಎಂದು ನಾನು ಕೇಳಿಕೊಂಡಿರಲಿಲ್ಲ. ಆಗ ನೆನಪಾಯಿತು: ನನ್ನ ಅತ್ತೆ ಆ ಜಾಗಕ್ಕೆ ಬಂದಾಗ ಯಾವಾಗಲೂ ಹಾಡು ನಿಲ್ಲಿಸಿ ಒಂದು ಗುಟುಕು ನೀರು ಕುಡಿಯುತ್ತಿದ್ದಳು. ಗಂಟಲು ಒಣಗಿ ಅಂದುಕೊಂಡಿದ್ದೆ. ಒಮ್ಮೆ ಮಾತಿಗೆ, ಅಲ್ಲಿ ಮೊದಲು ಬೀಗರ ಪದ ಇದ್ದವಂತೆ, ಹೆಣ್ಣಿನ ಕಡೆಯವರು ಶಿವನನ್ನು ಸಾಲುಸಾಲಾಗಿ ಬೈಯುತ್ತಿದ್ದರಂತೆ, ಮಂದಿ ಬಿದ್ದು ಬಿದ್ದು ನಗುತ್ತಿದ್ದರಂತೆ ಎಂದಿದ್ದಳು. ರೇವಯ್ಯನವರ ಅಜ್ಜ ದೇವರ ಮುಂದೆ ಇಷ್ಟು ನಗಬಾರದು ಎಂದು ಹಾವಿನ ಬೈಗುಳ ಬಿಡಿಸಿದರು. ಗೌಡರ ಮನೆಗೆ ದೊಡ್ಡ ಊರಿನ ಬೀಗರು ಬಂದ ವರ್ಷ, ಅವರೇನು ತಿಳಿದುಕೊಂಡಾರು ಎಂದು ಬೂದಿಯ ಬೈಗುಳ ಬಿಟ್ಟರು. ಎತ್ತಿನ ಬೈಗುಳ ಯಾರಿಗೆ ಹೆದರಿ ಬಿಟ್ಟರೋ ಗೊತ್ತಿಲ್ಲ. ಹೀಗೆ ಒಂದೊಂದೇ ಕಳಚುತ್ತ ಕಳಚುತ್ತ ನನ್ನ ಕೈಗೆ ಬರುವ ಹೊತ್ತಿಗೆ ಒಂದು ಗುಟುಕು ನೀರು ಉಳಿದಿತ್ತು. ಅದು ಮಾತಲ್ಲವಲ್ಲ ಎಂದು ಆ ಗುಟುಕನ್ನೂ ನಾನು ವರ್ಷ ವರ್ಷ ಗಿಡ್ಡ ಮಾಡುತ್ತ ಬಂದಿದ್ದೆ. ಬೆಳಕು ತನ್ನ ಪಾಡಿಗೆ ತಾನು ನಡೆದೇ ಇತ್ತು. ಮರ್ಯಾದಸ್ಥರಾದವರು ನಾವು.

"ಹಂಗಾದ್ರ ಆ ಪದ ಹಾಡು" ಅಂದಳು ಫಕೀರವ್ವ.

ಅವು ಯಾರಿಗೂ ಬರುವುದಿಲ್ಲ, ಬಂದವರು ಮಣ್ಣಾಗಿ ಎಷ್ಟೋ ಕಾಲವಾಯಿತು ಅಂದೆ. ಬೈಯಲು ಯಾರಾದರೂ ಕಲಿಸಬೇಕೇ, ಹೊಸದಾಗಿ ಕಟ್ಟಿದರಾಯಿತು ಅಂದಳು. ನಾನು ವಿಭೂತಿಯ ಆಣೆ ಹೇಳಿದೆ. ಕಳೆಯಬಾರದು ಎಂಬ ಆಣೆ ನನಗಿಂತ ಮೊದಲಿನವರು ಮುರಿದಿದ್ದರು, ಕೂಡಿಸಬಾರದು ಎಂಬುದು ನನ್ನ ಕೊರಳಿಗೆ ಬಿದ್ದಿತ್ತು. ಫಕೀರವ್ವ ನನ್ನ ಮುಖವನ್ನೊಮ್ಮೆ ನೋಡಿ, ತಟ್ಟೆ ಅಲ್ಲೇ ಬಿಟ್ಟು ಸುಮ್ಮನೆ ಎದ್ದುಹೋದಳು. ಅವಳು ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಸುಮ್ಮನೆ ಹೋದದ್ದು ಎದೆಯಲ್ಲಿ ಮುಳ್ಳಾಗಿ ಕೂತಿತು. ಆ ಭಜಿ ತಿನ್ನಲೂ ಆಗಲಿಲ್ಲ, ಚೆಲ್ಲಲೂ ಆಗಲಿಲ್ಲ. ಸಂಜೆ ಶಿವನ ಮುಂದೆ ಇಟ್ಟೆ. ಖಾರ ತಿಂದರೆ ಅವನಿಗಾದರೂ ಬುದ್ಧಿ ಹೊಳೆಯಲಿ ಅಂತ.

ಸೋಮವಾರ ಹೊತ್ತು ಮುಳುಗುತ್ತಲೇ ರೇವಯ್ಯನವರು ದೀಪ ಹಚ್ಚಿದರು. ಗೌಡರು ಕೋಲು ಹಿಡಿದು, ಹಿರಿಯರನ್ನು ಕಟ್ಟಿಕೊಂಡು, ಬೆಳಕಿನ ಕಾಲಿನ ಜೊತೆ ಓಣಿಯಲ್ಲಿ ಹೊರಟರು. ಬೆಳಕು ಎಲ್ಲಿಗೆ ಬಂತು ಎಂಬುದನ್ನು ಮನೆಗಳ ಕಟ್ಟೆಯ ಮೇಲೆ ಕೂತವರು ಒಬ್ಬರಿಂದೊಬ್ಬರಿಗೆ ಕೂಗಿ ಗುಡಿಗೆ ಮುಟ್ಟಿಸುವುದು ವಾಡಿಕೆ. ನಾನು ಕಣ್ಣುಮುಚ್ಚಿ ಹಾಡು ಹಿಡಿದೆ. ದಿಬ್ಬಣ ಹೊರಟಿತು, ದಿಬ್ಬಣ ಬಂತು. ಬೆಳಕು ಗೌಡರ ವಾಡೆಗೆ ಬಂತು ಎಂದು ಕೂಗು ಕೇಳಿಸಿತು. ಅತ್ತೆ ಬಾಗಿಲಿಗೆ ಬಂದಳು, ಆರತಿ ತಂದಳು, ಕೊರಳಿನ ಹಾವು ನೋಡಿದಳು. ನಾನು ಹಾಡು ನಿಲ್ಲಿಸಿ ನೀರಿನ ಚೆಂಬಿಗೆ ಕೈ ಹಾಕಿದೆ.

ಆಗ ಹೆಂಗಸರ ನಡುವೆ ಯಾರೋ ಎದ್ದರು. ಕಣ್ಣು ಬಿಟ್ಟು ನೋಡಿದರೆ ಫಕೀರವ್ವ. ಅಂಚಿನ ಮನೆಯವಳು ತನ್ನ ಬಾಗಿಲು ಬಿಟ್ಟು ಗುಡಿಗೆ ಬಂದಿದ್ದಳು. ಸೊಂಟಕ್ಕೆ ಕೈಯಿಟ್ಟು, ಗರ್ಭಗುಡಿಯೊಳಗಿನ ಲಿಂಗವನ್ನು ಅಡಿಯಿಂದ ಮುಡಿಯ ತನಕ ನೋಡಿದಳು, ಮಾರಲು ತಂದ ಎತ್ತನ್ನು ನೋಡುವ ಹಾಗೆ. ಆಮೇಲೆ ನನ್ನ ಹಾಡಿನ ಮಟ್ಟಿನಲ್ಲೇ ಹಿಡಿದಳು:

"ಎಲ್ಲಿಂದ ತಂದೀರೆ ಇಂಥಾ ಅಳಿಯನ್ನ? ತಲಿಗಿಲ್ಲ ಎಣ್ಣಿ, ಮೈಗಿಲ್ಲ ಅಂಗಿ. ಸುಡುಗಾಡ ಬೂದಿ ಬಳಕೊಂಡು ಬಂದಾನ, ಮನಿಯಾಗ ಪೌಡರ ಸಿಗಲಿಲ್ಲೇನ?"

ಮೊದಲು ಒಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು. ಇನ್ನೊಬ್ಬಳಿಗೆ ಸೆರಗು ಸಾಲಲಿಲ್ಲ. ಫಕೀರವ್ವ ಹಾವಿಗೆ ಬಂದಳು, ಹಾವಿನ ಹಲ್ಲಿಗೆ ಬಂದಳು, ಬೀಗರು ತಂದ ಬಂಗಾರದ ಸರ ಹರಿದಾಡುತ್ತಿದೆ, ಹಿಡಿದುಕೊಳ್ಳಿರಿ ಅಂದಳು. ಮಂದಿಯೆಲ್ಲ ಮೋಟಾರಿನಲ್ಲಿ ಬಂದರೆ ಇವನು ಎತ್ತಿನ ಮೇಲೆ ಬಂದಿದ್ದಾನೆ, ಎತ್ತಿಗೂ ಇವನಿಗೂ ಒಂದೇ ಪಂಕ್ತಿ ಹಾಕಬೇಕೋ ಬೇರೆ ಬೇರೆಯೋ ಎಂದು ಎದ್ದು ಹಾಡಿನಲ್ಲೇ ಕೇಳಿದವಳು ರೇವಯ್ಯನವರ ಹೆಂಡತಿ. ಮುಂದೆ ಯಾರು ಯಾವುದನ್ನು ಕಟ್ಟಿದರೋ ನೆನಪಿಲ್ಲ. ತಲೆಯ ಮೇಲೆ ಇನ್ನೊಬ್ಬಳನ್ನು ಕೂರಿಸಿಕೊಂಡೇ ಹೆಣ್ಣು ನೋಡಲು ಬಂದವನು ಇವನೊಬ್ಬನೇ ಎಂದು ಗಂಗೆಯ ವಿಷಯ ಎತ್ತಿದಾಗ ಹುಡುಗಿಯರು ಎದ್ದು ಹೊರಗೆ ಓಡಿದರು, ಮರುಕ್ಷಣ ಕೇಳಲು ಮರಳಿ ಬಂದರು.

ರೇವಯ್ಯನವರು ಹೌಹಾರಿ, ತಪ್ಪಾಯಿತು ತಂದೆ ಎಂದು ಹೇಳಲು ಗರ್ಭಗುಡಿಯ ಒಳಗೆ ಹೋದರು. ತುಸು ಹೊತ್ತಿಗೆ ಮುಖ ಅರಳಿಸಿಕೊಂಡು ಹೊರಗೆ ಬಂದು, ಲಿಂಗದ ಮೇಲಿನ ಹೂವು ಬಲಕ್ಕೆ ಬಿತ್ತು, ಅಪ್ಪಣೆ ಆಯಿತು ಅಂದರು. ಬಲಕ್ಕೆ ಶಿವ ಬೀಳಿಸಿದನೋ ಇವರ ಕೈ ತಾಗಿತೋ ನಾನು ಕೇಳಲಿಲ್ಲ. ಮನೆಗೆ ಹೋದ ಮೇಲೆ ಹೆಂಡತಿಯ ಜೊತೆ ಬಾಳಬೇಕಾದವರು ಅವರು.

ನಾನು ಒಂದು ಮಾತೂ ಕೂಡಿಸಲಿಲ್ಲ. ಶಿವನ ಅತ್ತೆ ಮಾತಾಡಿ ಮುಗಿಸುವ ತನಕ ಕಾಯುತ್ತ ಚೆಂಬು ಹಿಡಿದು ಕೂತಿದ್ದೆ, ಅಷ್ಟೇ. ಎಲ್ಲರೂ ಬೈದು ಬೈದು ದಣಿದಾಗ, "ನಗುತ ಕಾಲ ತೊಳದಾಳ" ಎಂದು ಮುಂದಕ್ಕೆ ಹಿಡಿದೆ. ನಕ್ಕದ್ದು ಆ ತಾಯಿಯೊಬ್ಬಳೇ ಅಲ್ಲ. ನನ್ನ ದನಿಯಲ್ಲೂ ನಗು ಸೇರಿ ಸ್ವರ ಅಲುಗಿತು. ಮಗಳು ಕಣ್ಣೆತ್ತಿ ನೋಡಿದಳು, ಧಾರೆಯಾಯಿತು, ಅಕ್ಕಿಕಾಳು ಬಿದ್ದವು. ಅಷ್ಟರಲ್ಲಿ ಕಟ್ಟೆಯಿಂದ ಕಟ್ಟೆಗೆ ಕೂಗು ಬಂತು: ಬೆಳಕು ಫಕೀರವ್ವನ ಹೊಸ್ತಿಲು ಏರಿದೆ. ಮತ್ತೊಂದು ಕೂಗು: ಒಲೆ ದಾಟಿದೆ, ಹಿತ್ತಲಿಗೆ ಇಳಿದಿದೆ. ಫಕೀರವ್ವ ಕಂಬಕ್ಕೆ ಒರಗಿ ಕೂತುಬಿಟ್ಟಳು. ಎರಡೂ ಕಾಲು ಚಾಚಿಕೊಂಡು, ಅವನ್ನು ಬೇರೆಯವರ ಕಾಲುಗಳನ್ನು ನೋಡುವ ಹಾಗೆ ನೋಡಿದಳು.

ಬದಲಾಗಿಲ್ಲ ಅಂತ ಮೊದಲೇ ಹೇಳಿದ್ದೆ ಎಂದು ಮಾಸ್ತರರು ಶುರುಮಾಡಿದರು. ಬೈಗುಳ ಬಿದ್ದ ಮೇಲೆ ಮುದುಕನೂ ಚುರುಕಾಗುತ್ತಾನೆ, ಬೆಳಕಿಗೂ ಹಾಗೇ ಆಗಿದೆ ಎಂದು ರೇವಯ್ಯನವರು ಬಿಡಲಿಲ್ಲ. ಅವರು ಅದನ್ನು ಇನ್ನೂ ಇತ್ಯರ್ಥ ಮಾಡಿಕೊಂಡಿಲ್ಲ.

ಅಷ್ಟರಲ್ಲಿ ಓಣಿಯ ತುದಿಯಿಂದ ಗೌಡರ ಮಾತು ಬಂತು: ಫಕೀರವ್ವನ ಮನೆ ಒಳಗೆ ಬಂದಿದೆ, ಇನ್ನು ಸಾಕು, ಮಂಗಳ ಹಾಡಿಸಿರಿ. ನ್ಯಾಯವಾದ ಮಾತೇ. ನಾನು ಮಂಗಳಕ್ಕೆ ಉಸಿರು ತೆಗೆದುಕೊಂಡೆ. ಫಕೀರವ್ವ ಬಗ್ಗಿ ನನ್ನ ಮೊಣಕೈ ಹಿಡಿದಳು.

"ತಡಿ ಬಾಳಕ್ಕಾ. ನನ್ನ ಮನಿ ಹಿಂದ, ಹುಣಸಿಮರದಾಚಿ, ಕಲ್ಲ ಒಡಿಯಾಕ ಬಂದವರು ಗುಡಿಸಲಾ ಹಾಕ್ಯಾರ. ಅದರಾಗ ಒಬ್ಬಾಕಿ ಬಾಣಂತಿ ಅದಾಳ, ಹಳ್ಳದ ನೀರ ಕುಡಿದು ಮಲಗ್ಯಾಳ. ಅಲ್ಲೀತನಕಾರ ಬರಲಿ."

ಹಾಡು ಮುಗಿಯಿತಲ್ಲವೇ, ಧಾರೆಯೂ ಆಯಿತು ಎಂದು ನಾನು ಪಿಸುಗುಟ್ಟಿದೆ.

"ಧಾರಿ ಆತು. ಊಟ ಆಗೇತೇನ? ಬೀಗರು ಎಲಿ ಮುಂದ ಕುಂತಾಗ ಬಯ್ಯಲಾರದ ಲಗ್ನ ಯಾ ಊರಾಗ ಐತಿ? ಇನ್ನೊಂದ ನಾಕು ಬೈಗಳಕ್ಕ ಅಂವೇನು ಸಾಯೂದಿಲ್ಲ. ಇಸಾ ಕುಡದಾಂವ ಅಂವ."

ಓಣಿಯ ತುದಿಯಿಂದ ಗೌಡರ ಕೂಗು ಮತ್ತೊಮ್ಮೆ ಬಂತು, ಈ ಸಲ ಗಟ್ಟಿಯಾಗಿ. ಹೆಂಗಸರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಊಟದ ಪದ ನನ್ನ ಅತ್ತೆ ಕಲಿಸಿದ ಹಾಡಿನಲ್ಲಿ ಇರಲಿಲ್ಲ. ಎಂದಾದರೂ ಇತ್ತೋ, ಯಾರಾದರೂ ಕಳಚಿದ್ದರೋ, ಹೇಳುವವರು ಯಾರೂ ಉಳಿದಿಲ್ಲ. ಒಳಗೆ ಶಿವ ತಲೆಯ ಮೇಲಿನ ಹೂವು ಅತ್ತಲೂ ಬೀಳಿಸದೆ ಇತ್ತಲೂ ಬೀಳಿಸದೆ ಕೂತಿದ್ದ. ನಾನು ವಿಭೂತಿ ಹಚ್ಚಿದ ಹಣೆಯನ್ನೊಮ್ಮೆ ಮುಟ್ಟಿಕೊಂಡು, ಮಂಗಳವನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡು, ದೊಡ್ಡದೊಂದು ಬಾಳೆಎಲೆ ಹಾಸಿ, ಶಿವನನ್ನು ಊಟಕ್ಕೆ ಕೂರಿಸಿದೆ.